ಮೂರು ಸಲ ಎಣಿಸಿದ ಕುಂಬಾರ

ಬರುವ ವಸಂತದಲ್ಲಿ ವಿಮೋಚಕ ಬಂದೇ ಬರುತ್ತಾನೆ, ಯೆಹೂದ್ಯರೆಲ್ಲ ಜೆರುಸಲೇಮಿಗೆ ಮರಳುತ್ತಾರೆ ಎಂದು ಬಾಬಿಲೋನಿನ ಆ ಕಾಲುವೆ ದಂಡೆಯ ಊರಿನಲ್ಲಿ ಎಲ್ಲರೂ ನಂಬಿದ್ದರು. ಹಳೆಯ ಪ್ರವಾದಿಗಳ ಮಾತಿಗೆ ಹೊಸ ಯುದ್ಧಗಳ ಸುದ್ದಿ ಸೇರಿಸಿ ವರ್ಷ ಎಣಿಸಿದ್ದರು. ಎಣಿಕೆ ಹಿಂದೆ ನಾಲ್ಕು ಸಲ ತಪ್ಪಿತ್ತು. ಅದರಿಂದ ಯಾರ ಉತ್ಸಾಹವೂ ಕುಗ್ಗಿರಲಿಲ್ಲ.

ಅಲ್ಲಿ ಧರ್ಮಗ್ರಂಥ ಓದುತ್ತಿದ್ದ ತರುಣ ಹಮ್ನೂನನೂ ನಂಬಿದ್ದ. ಶಪೀರಾಳೊಡನೆ ಗೊತ್ತಾಗಿದ್ದ ಮದುವೆಯನ್ನು ಎರಡು ವರ್ಷದಿಂದ ಮುಂದೂಡುತ್ತ ಬಂದಿದ್ದ. ಈಗ ಅವಳ ತಂದೆ, "ಈ ತಿಂಗಳು ಹೂಂ ಅನ್ನು, ಇಲ್ಲವೇ ಅವಳನ್ನು ಬಿಟ್ಟುಬಿಡು" ಎಂದಿದ್ದ. ಹಮ್ನೂನ ಗುರುವಿನ ಮುಂದೆ ಕುಳಿತ.

"ಗುರುಗಳೇ, ಪ್ರವಾದಿಗಳು ಹೇಳಿದ ವರ್ಷಗಳನ್ನು ಎಲ್ಲಿಂದ ಎಣಿಸಬೇಕು? ಅದು ತಿಳಿದರೆ ಜೆರುಸಲೇಮಿನಲ್ಲೇ ಮದುವೆಯಾಗುತ್ತೇನೆ. ಪರದೇಶದಲ್ಲಿ ಸಂಭ್ರಮ ಯಾಕೆ?"

"ಹುಡುಗಿ ಏನನ್ನುತ್ತಾಳೆ?"

"ಅವಳನ್ನು ಕೇಳಿಲ್ಲ."

"ಹಾಗಾದರೆ ಕತೆ ಕೇಳು" ಎಂದರು ಗುರು.

ನಮ್ಮವರು ಮೊದಲು ಇಲ್ಲಿ ಸೆರೆಯಲ್ಲಿದ್ದ ಕಾಲ. ಒಬ್ಬ ಕುಂಬಾರನಿಗೂ ಒಬ್ಬ ನೇಕಾರನ ಮಗಳಿಗೂ ಮದುವೆ ಗೊತ್ತಾಗಿತ್ತು. ಎಪ್ಪತ್ತು ವರ್ಷಕ್ಕೆ ದೇವರು ನಿಮ್ಮನ್ನು ಮರಳಿಸುತ್ತಾನೆ ಎಂದು ಪ್ರವಾದಿ ಇವರಿಬ್ಬರೂ ಹುಟ್ಟುವ ಮೊದಲೇ ಸೆರೆಯವರಿಗೆ ಪತ್ರ ಬರೆದಿದ್ದ. ಮದುವೆ ತಾಯ್ನಾಡಿನಲ್ಲೇ ಎಂದ ಕುಂಬಾರ. ನಮ್ಮ ಅರಸ ಯುದ್ಧದಲ್ಲಿ ಸತ್ತ ವರ್ಷದಿಂದ ಎಣಿಸಿದ. ಎರಡೇ ವರ್ಷದಲ್ಲಿ ಎಪ್ಪತ್ತು ತುಂಬಿತು. ಮರಳಲು ಹೊಸ ಚಕ್ರವರ್ತಿಯ ಅಪ್ಪಣೆಯೂ ಬಂತು. ಹೋದವರು, ಇಲ್ಲಿ ಬರೀ ಕಲ್ಲಿನ ರಾಶಿ ಎಂದು ಹೇಳಿಕಳಿಸಿದರು. ಪ್ರವಾದಿ ಹೇಳಿದ್ದು ಇದಲ್ಲ ಎಂದ ಕುಂಬಾರ. ಅರಸು ಮನೆತನ ಸೆರೆಹೋದ ವರ್ಷದಿಂದ ಎಣಿಸಿದ. ಇನ್ನೂ ಹನ್ನೆರಡು ವರ್ಷ ಕಾದ ಮೇಲೆ ಅದೂ ತುಂಬಿತು. ಏನೂ ಆಗಲಿಲ್ಲ. ಆಮೇಲೆ ಶತ್ರುಗಳು ಜೆರುಸಲೇಮಿನ ದೇವಾಲಯವನ್ನು ಸುಟ್ಟ ವರ್ಷದಿಂದ ಎಣಿಸತೊಡಗಿದ.

ಒಂದು ದಿನ ನೇಕಾರನ ಮಗಳು ಅವನ ತಿಗರಿಯ ಬಳಿ ಬಂದು ನಿಂತಳು.

"ಅರಸನ ಸಾವಿನಿಂದ ಎಣಿಸಿದೆ, ಈಗ ಬೆಂಕಿಯಿಂದ ಎಣಿಸುತ್ತಿದ್ದೀಯ. ನನ್ನ ವಯಸ್ಸನ್ನು ಎಲ್ಲಿಂದ ಎಣಿಸಿದರೆ ಕಡಿಮೆಯಾದೀತು, ಅದನ್ನೂ ಹೇಳು ಮಾರಾಯ."

"ಇನ್ನು ಸ್ವಲ್ಪವೇ ಇದೆ."

"ನಿನಗೆ ಸ್ವಲ್ಪ, ನನಗಲ್ಲ" ಎಂದು ಅವಳು ನಕ್ಕಳು. ಅವನ ತೋಳಿಗೆ ಮೆತ್ತಿದ್ದ ಮಣ್ಣನ್ನು ಸೆರಗಿನಿಂದ ಒರೆಸಿ ಹೋದಳು.

ಮೂರನೆಯ ಎಣಿಕೆ ತಪ್ಪಲಿಲ್ಲ. ಎಪ್ಪತ್ತು ತುಂಬುವ ಹೊತ್ತಿಗೆ ದೇವಾಲಯ ಮತ್ತೆ ಎದ್ದಿತು. ಕುಂಬಾರ ಅವಳ ಮನೆಗೆ ಓಡಿದ. ಇಬ್ಬರ ತಲೆಯೂ ನರೆತಿತ್ತು. ಇಬ್ಬರೂ ಹೊರಟರು. ನಾಲ್ಕು ತಿಂಗಳ ದಾರಿ. ಮಗ್ಗದ ಮುಂದೆ ಕೂತು ಸವೆದ ಅವಳ ಮೊಣಕಾಲು ಹತ್ತು ದಿನವೂ ತಡೆಯಲಿಲ್ಲ. ಅವನು ಅವಳನ್ನು ಬೆನ್ನ ಮೇಲೆ ಹೊತ್ತು ಇದೇ ಕಾಲುವೆಯ ದಂಡೆಗೆ ತಿರುಗಿ ಬಂದ. ಇಲ್ಲೇ ಮದುವೆಯಾದರು. ತೊಟ್ಟಿಲು ಬೇಕಾಗಲಿಲ್ಲ.

ಹಮ್ನೂನ ಕೇಳಿದ: "ಆದರೂ ಪ್ರವಾದಿಯ ಮಾತು ನಿಜವಾಯಿತಲ್ಲ, ಗುರುಗಳೇ? ಕುಂಬಾರ ಕಾದದ್ದರಲ್ಲಿ ತಪ್ಪೇನು?"

"ಅದೇ ಪತ್ರದಲ್ಲಿ, ಎಪ್ಪತ್ತರ ಮಾತಿಗೆ ಮೊದಲೇ, ಇರುವ ಊರಲ್ಲೇ ಮದುವೆಯಾಗಿ ಎಂದು ಬರೆದಿದೆ" ಎಂದರು ಗುರು.