ಬಡಿಗಿತ್ತಿ ಮೌನವ್ವ ಮತ್ತು ಬಾಯಿ ಮುಚ್ಚಿದ ಕೂರಿಗೆ

ಬಲು ಹಿಂದಿನ ಮಾತು. ಎರೆಭೂಮಿಯ ಸೀಮೆಯಲ್ಲಿ ಒಂದು ಊರಿತ್ತು. ಹೆಸರು ಹೇಳಿದರೆ ಅದು ನಮ್ಮೂರು, ಅದು ನಮ್ಮೂರು ಅಂತ ಸುತ್ತಿನವರೆಲ್ಲ ಜಗಳಕ್ಕೆ ಬರುತ್ತಾರೆ, ಅದಕ್ಕೆ ಹೇಳುವುದಿಲ್ಲ. ಆ ಊರಿನಲ್ಲಿ ಮೌನವ್ವ ಅಂತ ಒಬ್ಬ ಬಡಿಗಿತ್ತಿ ಇದ್ದಳಂತೆ. ಗಂಡ ತೀರಿಕೊಂಡ ಮೇಲೆ ಅವನ ಬಾಚಿ, ಉಳಿ, ಕೊಡತಿಗಳನ್ನು ತಾನೇ ಕೈಗೆ ತೆಗೆದುಕೊಂಡಳಂತೆ. ಹೆಂಗಸು ಬಾಚಿ ಹಿಡಿಯಬಾರದು ಅಂದವರಿಗೆ, ಹಾಗಾದರೆ ನಿಮ್ಮ ನೇಗಿಲು ನೀವೇ ಕೆತ್ತಿಕೊಳ್ಳಿ ಅಂದಳಂತೆ. ಅವರಿಗೆ ಕೆತ್ತಲು ಬರುತ್ತಿರಲಿಲ್ಲ.

ಅವಳ ಬಗ್ಗೆ ಏನೇನೋ ಹೇಳುತ್ತಾರೆ. ನಿಂತ ಮರಕ್ಕೆ ಕಿವಿಯಿಟ್ಟರೆ ಒಳಗಿನ ಬಿರುಕು ಅವಳಿಗೆ ಕೇಳುತ್ತಿತ್ತು ಅಂತಾರೆ. ಅವಳು ಮಾಡಿದ ನೊಗ ಹೊತ್ತ ಎತ್ತಿನ ಹೆಗಲು ಎಂದೂ ಹುಣ್ಣಾಗಲಿಲ್ಲ ಅಂತಾರೆ. ಅವಳ ಕೂರಿಗೆ ಹೊಲದ ದಾರಿ ತಾನೇ ಹಿಡಿಯುತ್ತಿತ್ತು ಅಂತಲೂ ಅಂತಾರೆ. ಇದನ್ನೆಲ್ಲ ನಾನು ನಂಬುವುದಿಲ್ಲ. ನೀವೂ ನಂಬಬೇಕಾಗಿಲ್ಲ. ನಂಬಬೇಕಾದ್ದು ಬೇರೆ ಇದೆ, ಅದನ್ನು ಹೇಳುತ್ತೇನೆ.

ಈಗಿನವರು ಕೂರಿಗೆ ನೋಡಿಲ್ಲ. ಅದು ಬಿತ್ತುವ ಸಾಧನ. ಮೇಲೊಂದು ಮರದ ಬಟ್ಟಲು, ಬಟ್ಟಲಿನಿಂದ ಕೆಳಗಿಳಿಯುವ ಬಿದಿರಿನ ಕೊಳವೆಗಳು, ಕೊಳವೆಯ ತುದಿಗೆ ನೆಲ ಸೀಳುವ ತಾಳುಗಳು, ಆ ತಾಳುಗಳನ್ನೆಲ್ಲ ಹಿಡಿದಿಡುವ ಅಡ್ಡ ದಿಂಡು. ಗಂಡಸು ಎತ್ತು ಹೊಡೆಯುತ್ತಾನೆ, ಹೆಂಗಸು ಬಟ್ಟಲಿಗೆ ಕಾಳು ಬಿಡುತ್ತಾ ಹಿಂದೆ ನಡೆಯುತ್ತಾಳೆ. ಎರೆಹೊಲದಲ್ಲಿ ಹಿಂಗಾರಿ ಜೋಳ ಬಿತ್ತುವುದಕ್ಕೆ ಒಂದು ಹದ ಇದೆ. ಮಳೆ ನಿಂತು, ನೆಲ ಕಾಲಿಗೆ ಅಂಟದ ಹಾಗಾಗಿ, ಒಳಗಿನ ಹಸಿ ಇನ್ನೂ ಆರದೆ ಇರುವ ಹೊತ್ತು. ಊರಿಗೆಲ್ಲ ಒಂದೇ ಸಲ ಬರುತ್ತದೆ, ಒಂದೇ ಸಲ ಹೋಗುತ್ತದೆ. ಆ ಹೊತ್ತಿನಲ್ಲಿ ಕೂರಿಗೆ ಕೈಕೊಟ್ಟರೆ ಆ ಮನೆಗೆ ಆ ವರ್ಷ ರೊಟ್ಟಿ ಇಲ್ಲ.

ಮೌನವ್ವ ಕೂರಿಗೆಯನ್ನು ಬೆಣೆ ಬಡಿದು ಕೂಡಿಸುತ್ತಿದ್ದಳಂತೆ. ಮೊಳೆ ಇಲ್ಲ, ಅಂಟು ಇಲ್ಲ. ತಾಳು ಮುರಿದರೆ ಬೆಣೆ ಹೊಡೆದು ತೆಗೆದು, ಬೇರೆ ತಾಳು ಕೂಡಿಸಿ, ಸಾಲು ನಿಲ್ಲಿಸದೆ ಬಿತ್ತಬಹುದಿತ್ತು. ಮುರಿದ ತುಂಡನ್ನು ಬೇಲಿಗೆ ಎಸೆಯುವ ಹಾಗಿರಲಿಲ್ಲ, ಅವಳ ಅಂಗಳಕ್ಕೆ ತಂದು ಹಾಕಬೇಕಿತ್ತು. ತರದೆ ಹೊಸದು ಕೇಳಲು ಬಂದವರನ್ನು ಬೈದು ಕಳಿಸುತ್ತಿದ್ದಳು. ಸೀಳಿದ ನೊಗ ತಾಳಾಗುತ್ತಿತ್ತು. ಸವೆದ ತಾಳು ಕುಡುಗೋಲಿನ ಹಿಡಿಯಾಗುತ್ತಿತ್ತು. ಹಿಡಿ ಒಡೆದರೆ ಬೆಣೆಯಾಗುತ್ತಿತ್ತು. ಬೆಣೆಯೂ ಆಗದ್ದು ಒಲೆಗೆ ಹೋಗುತ್ತಿತ್ತು, ಒಲೆಯ ಬೂದಿ ತಿಪ್ಪೆಗೆ, ತಿಪ್ಪೆ ಹೊಲಕ್ಕೆ. ಈಗ ಇದಕ್ಕೆ ದೊಡ್ಡ ಹೆಸರಿಟ್ಟು ತಣ್ಣನೆ ಕೋಣೆಗಳಲ್ಲಿ ಕೂತು ಭಾಷಣ ಮಾಡುತ್ತಾರೆ. ಆಗ ಅದಕ್ಕೆ ಹೆಸರೇ ಇರಲಿಲ್ಲ. ಕರಿಜಾಲಿ ಮರ ಬೆಳೆಯಲು ತಲೆಮಾರು ಬೇಕು, ಕಡಿಯಲು ಅರ್ಧ ದಿನ ಸಾಕು ಅನ್ನುವುದು ಅವಳಿಗೆ ಗೊತ್ತಿತ್ತು, ಅಷ್ಟೇ.

ಅವಳ ಕೂಲಿ ಹೇಗಿತ್ತು ಕೇಳಿ, ಇಲ್ಲೇ ಇದೆ ವಿಷಯ. ಒಂದೊಂದು ಕೂರಿಗೆಗೆ ಇಷ್ಟು ಅಂತ ಇರಲಿಲ್ಲ. ರಾಶಿ ಆದಾಗ ಪ್ರತಿ ಮನೆಯವರೂ ಕಣದಲ್ಲಿ ಅವಳಿಗೆ ಒಂದು ಬುಟ್ಟಿ ಜೋಳ ಕೊಡುತ್ತಿದ್ದರು. ಅದಕ್ಕೆ ಆಯ ಅನ್ನುತ್ತಿದ್ದರು. ವರ್ಷವಿಡೀ ಆ ಮನೆಯ ನೇಗಿಲು, ಕುಂಟೆ, ಕೂರಿಗೆ ನಡೆಯುವ ಹಾಗೆ ನೋಡಿಕೊಳ್ಳುವುದು ಅವಳ ಪಾಲು. ಮುರಿದರೆ ಅವಳಿಗೆ ಕೆಲಸ ಹೆಚ್ಚು, ಬುಟ್ಟಿ ಅಷ್ಟೇ. ಮುರಿಯದಿದ್ದರೆ ಅವಳಿಗೆ ವಿಶ್ರಾಂತಿ, ಬುಟ್ಟಿ ಅಷ್ಟೇ. ಹಾಗಾಗಿ ಮುರಿಯದ ಹಾಗೆ ಮಾಡುತ್ತಿದ್ದಳು. ಅವಳು ದೇವರಂಥವಳು ಅಂತ ಅಲ್ಲ.

ಒಂದು ವರ್ಷ ಊರಿನಲ್ಲಿ ಏನೂ ಮುರಿಯಲಿಲ್ಲವಂತೆ. ಆ ವರ್ಷವೇ ಕೇಡು ಶುರುವಾಯಿತು. ಊರ ಗೌಡ ಅಂದಾನಗೌಡ ಕಣದಲ್ಲಿ ರಾಶಿಯ ಪಕ್ಕ ಕೂತಿದ್ದ. ಮೌನವ್ವ ಬುಟ್ಟಿ ಹಿಡಿದು ಬಂದಳು.

“ಏನ್ ಮೌನವ್ವ, ಈ ವರ್ಸ ನಮ್ಮನ್ಯಾಗ ಒಂದ್ ಬೆಣಿನೂ ಸಡ್ಲಾಗಿಲ್ಲ,” ಅಂದ ಗೌಡ. “ನೀ ಒಂದಿನಾನೂ ಬಾಚಿ ಎತ್ತಿಲ್ಲ. ಬುಟ್ಟಿ ಮಾತ್ರ ಮರೀದs ತಂದೀಯಲ್ಲ.”

“ಸಡ್ಲಾಗಿಲ್ಲ ಅಂದ್ರ ನಾ ಮಾಡಿದ ಕೆಲಸ ನಿಂತೈತಿ ಅಂತ ರೀ ಗೌಡ್ರ.”

“ಕುಂತ್ ಉಣ್ಣಾಕ ಛಲೋ ಮಾತ್ ಕಲತಿ, ಬಿಡವಾ.”

ಕಣದಲ್ಲಿದ್ದವರು ನಕ್ಕರು. ನಕ್ಕವರೆಲ್ಲ ಅವಳ ಕೂರಿಗೆಯಲ್ಲಿ ಬಿತ್ತಿದವರೇ. ಗೌಡ ಅಲ್ಲೇ ಕೂತು ಹೊಸ ಕಟ್ಟು ಮಾಡಿದ. ಇನ್ನು ಮೇಲೆ ಆಯ ಇಲ್ಲ. ಹೊಸದು ಮಾಡಿಕೊಟ್ಟರೆ ಅದಕ್ಕೆ ಕಾಳು, ಮಾಡದಿದ್ದರೆ ಇಲ್ಲ. ಹಳೆಯದು ರಿಪೇರಿ ಮಾಡಿದರೆ ಒಂದು ಹಿಡಿ, ಅದೂ ಕೊಡುವವರ ಮನಸ್ಸು. ಊರಿನವರಿಗೆ ಇದು ನ್ಯಾಯವಾಗಿ ಕಂಡಿತು. ಮಾಡದ ಕೆಲಸಕ್ಕೆ ಯಾಕೆ ಕೊಡಬೇಕು ಅಂತ ಬಡವರೂ ಅಂದರು. ನನಗೆ ಸಿಟ್ಟು ಬರುವುದು ಗೌಡನ ಮೇಲಲ್ಲ, ಇವರ ಮೇಲೆ.

ಮುಂದಿನ ವರ್ಷ ಮೌನವ್ವನ ಮನೆಯಲ್ಲಿ ಒಲೆ ಸರಿಯಾಗಿ ಉರಿಯಲಿಲ್ಲವಂತೆ. ಅವಳು ಮಾಡಿದ್ದು ಯಾವುದೂ ಮುರಿಯುತ್ತಿರಲಿಲ್ಲ, ಮುರಿದರೂ ಜನ ತಾವೇ ಬೆಣೆ ತೆಗೆದು ಸರಿಮಾಡಿಕೊಳ್ಳುತ್ತಿದ್ದರು. ಅವರಿಗೆ ಅದನ್ನು ಕಲಿಸಿದವಳೇ ಅವಳು. ಕಲಿಸಿದ ತಪ್ಪಿಗೆ ಅವಳು ಹಸಿದು ಕೂತಳು.

ಆಮೇಲೆ ಒಂದು ದಿನ ಅವಳು ಒಂದು ಕೂರಿಗೆಯ ತಾಳಿನ ಬುಡಕ್ಕೆ ಅರಗು ಕಾಯಿಸಿ ಹೊಯ್ದಳಂತೆ. ಮೇಲೆ ಕಬ್ಬಿಣದ ಮೊಳೆ ಬಡಿದಳು. ಬೆಣೆ ಹಾಕುವ ಜಾಗವನ್ನೇ ತೆಗೆದುಬಿಟ್ಟಳು. ನೋಡಲು ಚೆಂದವಾಗಿತ್ತು, ನುಣ್ಣಗೆ ಹೊಳೆಯುತ್ತಿತ್ತು. ಒಂದು ತಾಳು ಹೋದರೆ ಇಡೀ ಕೂರಿಗೆ ಹೋದಂತೆ, ಹೊಸದೇ ಬೇಕು. ಜನ ಹೊಳಪು ನೋಡಿ ಒಯ್ದರು. ಮೊದಲು ಒಂದು, ಆಮೇಲೆ ಹತ್ತು, ಆಮೇಲೆ ಎಲ್ಲವೂ ಹಾಗೇ. ಕರಿಜಾಲಿ ಬಿಟ್ಟು ಹಗುರದ ಮರ ತಂದಳು. ಮುರಿದ ತುಂಡು ತಂದವರಿಗೆ, ಅದನ್ನು ಅಲ್ಲೇ ಎಲ್ಲಾದರೂ ಬಿಸಾಕು ಅಂದಳಂತೆ. ಅವಳ ಮನೆಯಲ್ಲಿ ಜೋಳದ ಚೀಲ ಒಂದರ ಮೇಲೊಂದು ಕೂತವು. ಹಳ್ಳದ ದಂಡೆಯ ಮರಗಳು ಒಂದೊಂದಾಗಿ ಹೋದವು. ಕೆಲವರು ಈ ಭಾಗ ಹೇಳುವುದೇ ಇಲ್ಲ. ಮೌನವ್ವ ಅಂಥದ್ದು ಮಾಡಿರಲಿಕ್ಕಿಲ್ಲ ಅಂತಾರೆ. ಮಾಡಿದಳು. ಕಟ್ಟು ಹಾಗಿದ್ದರೆ ನೀವೂ ಮಾಡುತ್ತಿದ್ದಿರಿ.

ಅದೇ ಊರಿನಲ್ಲಿ ಫಕೀರವ್ವ, ಹುಲಗಪ್ಪ ಅಂತ ಗಂಡ ಹೆಂಡತಿ ಇದ್ದರು. ಹಳ್ಳದ ಆಚೆ ಒಂದೇ ತುಂಡು ಎರೆಹೊಲ, ಸಾಕಲು ಒಂದು ಮನೆ ತುಂಬ ಮಕ್ಕಳು. ಬಿತ್ತುವ ಹದ ಬಂತು. ಊರೆಲ್ಲ ಹೊಲದಲ್ಲಿತ್ತು. ಮೊದಲ ಸಾಲಿನ ಅರ್ಧಕ್ಕೇ ಇವರ ಕೂರಿಗೆಯ ತಾಳು ಬುಡಕ್ಕೆ ಮುರಿಯಿತು. ಹುಲಗಪ್ಪ ಎತ್ತು ಹಿಡಿದು ನಿಂತ. ಫಕೀರವ್ವ ಕೂರಿಗೆಯನ್ನೇ ತಲೆಯ ಮೇಲೆ ಹೊತ್ತು ಊರಿಗೆ, ಮೌನವ್ವನ ಅಂಗಳಕ್ಕೆ ಓಡಿದಳು.

“ಯಕ್ಕಾ, ತಾಳೊಂದ್ ಹೋಗೈತಿ. ಬ್ಯಾರೇದ್ ಹಾಕಿ ಕೊಡು. ಹದಾ ಹೊಂಟೈತಿ.”

ಅಂಗಳದಲ್ಲಿ ಹೊಸ ಕೂರಿಗೆ ಒಂದೂ ಉಳಿದಿರಲಿಲ್ಲ, ಎಲ್ಲ ಮಾರಿಹೋಗಿದ್ದವು. ಮೌನವ್ವ ಮುರುಕು ಬುಡವನ್ನು ಉಳಿಯಿಂದ ಮೀಟಿದಳು. ಬರಲಿಲ್ಲ. ಕೊಡತಿಯಿಂದ ಹೊಡೆದಳು. ಬರಲಿಲ್ಲ. ಅರಗು ಕಾಯಿಸಿ ಕರಗಿಸಲು ನೋಡಿದಳು, ಮೊಳೆ ಬಿಡಲಿಲ್ಲ.

“ತಗಿ ಯಕ್ಕಾ,” ಅಂದಳಂತೆ ಫಕೀರವ್ವ. “ನಿನ್ ಕೈಲೆ ಮಾಡಿದ್ದs ಐತಲ್ಲ. ನಿನಗ ಬರ್ಲಾರದ್ದು ಏನೈತಿ.”

ಮೌನವ್ವ ಇನ್ನೊಂದು ಏಟು ಹಾಕಿದಳು. ದಿಂಡು ಉದ್ದಕ್ಕೆ ಸೀಳಿ ಎರಡಾಯಿತು.

ಫಕೀರವ್ವ ಮನೆಮನೆ ತಿರುಗಿ ಕೂರಿಗೆ ಕೇಳಿದಳು. ಯಾರ ಹತ್ತಿರವೂ ಬಿಡುವು ಇರಲಿಲ್ಲ, ಎಲ್ಲರ ಹದವೂ ಒಂದೇ. ಯಾರೋ ತಮ್ಮದು ಮುಗಿಸಿ ಕೊಡುವ ಹೊತ್ತಿಗೆ ಒಣಗಾಳಿ ಬೀಸಿ ಮೇಲ್ಮಣ್ಣು ಬಿರಿದಿತ್ತು. ಬಿತ್ತಿದರು. ಕಾಳು ಒಣ ಮಣ್ಣಿನಲ್ಲಿ ಬಿದ್ದು ಹಾಗೇ ಇತ್ತು, ಇರುವೆ ಒಯ್ದವು. ಸುತ್ತಿನ ಹೊಲವೆಲ್ಲ ಹಸಿರಾದಾಗ ಆ ಒಂದು ತುಂಡು ಕರಿ ನೆಲವಾಗಿಯೇ ಉಳಿಯಿತು. ಮೌನವ್ವ ದಿನಾ ಅದರ ಬದುವಿಗೆ ಹೋಗಿ ನಿಂತು ನೋಡಿ ಬರುತ್ತಿದ್ದಳು ಅಂತಾರೆ.

ಫಕೀರವ್ವನ ಮನೆಗೆ ಅವಳು ಜೋಳದ ಚೀಲ ಹೊತ್ತು ತಂದು ಇಳಿಸಿದಳು. ಆ ಚೀಲ ಎಷ್ಟು ಉಂಡರೂ ಬರಿದಾಗಲಿಲ್ಲ ಅಂತ ಕತೆ ಹೇಳುತ್ತಾರೆ. ಬರಿದಾಯಿತು. ಬರಿದಾದಾಗ ಇನ್ನೊಂದು ಹೊತ್ತು ತಂದಳು. ತನ್ನ ಮನೆಯ ಚೀಲಗಳು ಮುಗಿಯುವ ತನಕ ಹೊತ್ತಳು.

ಆಮೇಲೆ ಮನೆಮನೆಗೆ ಹೋಗಿ, ನಾನು ಕೊಟ್ಟ ಕೂರಿಗೆ ವಾಪಸ್ ಕೊಡಿ ಅಂದಳಂತೆ. ತಲೆ ಕೆಟ್ಟಿದೆ ಅಂದರು. ಚೆನ್ನಾಗೇ ಇದೆಯಲ್ಲ ಅಂದರು. ಚೆನ್ನಾಗಿಲ್ಲ, ನಾನೇ ಕೆಡಿಸಿ ಕೊಟ್ಟಿದ್ದೇನೆ ಅಂದಳು. ಊರ ಚಾವಡಿಯ ಮುಂದೆ ಅವನ್ನೆಲ್ಲ ಗುಡ್ಡೆ ಹಾಕಿದಳು. ಜನ ಸೇರಿದರು. ಅಂದಾನಗೌಡನೂ ಬಂದ.

“ಅಲ್ಲಬೇ, ಕೆಡಿಸಾಕಿನೂ ನೀನs, ನೆಟ್ಟಗ ಮಾಡಾಕಿನೂ ನೀನs,” ಅಂದ ಗೌಡ. “ನಾವೇನ್ ನಿನ್ ಆಟಾ ನೋಡಾಕ ಬಂದೇವೇನು?”

“ಹೌದ್ರಿ, ನಾನs ಕೆಡಿಸೀನಿ. ಇಲ್ಲಾ ಅನ್ನೂದಿಲ್ಲ. ಕೆಡಿಸಿದ್ರ ಬಡಿಗೇರ ಹೊಟ್ಟಿ ತುಂಬಬೇಕು, ಕೆಡದಿದ್ರ ಉಪಾಸ ಸಾಯಬೇಕು ಅಂತ ಕಟ್ಟ್ ಹಾಕಿದವ್ರು ಯಾರ್ರಿ? ನೀವು. ನಕ್ಕವ್ರು ಯಾರು? ಇವ್ರೆಲ್ಲಾ. ಫಕೀರವ್ವನ ಹೊಲಾ ನಾ ಒಬ್ಬಾಕಿನs ಕೊಂದಿಲ್ಲ.”

ಆಗ ಅವಳು ತನ್ನ ಕಟ್ಟು ಹೇಳಿದಳಂತೆ. ವರ್ಷದ ಬುಟ್ಟಿ ಮತ್ತೆ ಬರಬೇಕು. ಆದರೆ ಬಿತ್ತುವ ಹದದಲ್ಲಿ ಯಾರದಾದರೂ ಕೂರಿಗೆ ಹೊಲದಲ್ಲಿ ನಿಂತರೆ ಆ ಮನೆ ಆ ವರ್ಷ ಬುಟ್ಟಿ ಕೊಡಬೇಕಾಗಿಲ್ಲ. ನಷ್ಟ ಕೂರಿಗೆ ಮಾಡಿದವರದು, ಬಿತ್ತುವವರದಲ್ಲ. ಇನ್ನೊಂದು, ಕೂರಿಗೆ ಒಯ್ಯುವವರು ಅವಳ ಎದುರಿಗೇ ಅದನ್ನು ಪೂರ್ತಿ ಬಿಚ್ಚಿ, ಮತ್ತೆ ತಾವೇ ಕೂಡಿಸಬೇಕು. ಬಿಚ್ಚಲು ಬಾರದ್ದನ್ನು ಅವಳು ಕೊಡಬಾರದು, ಅವರು ಒಯ್ಯಬಾರದು.

ಊರು ಒಪ್ಪಿತು. ಗೌಡ ಒಪ್ಪಲಿಲ್ಲ. ಅವನು ಪೇಟೆಯಿಂದ ಹೊಳೆಯುವ ಕೂರಿಗೆ ತರಿಸಿಕೊಂಡ. ಅದು ನಡುಹೊಲದಲ್ಲಿ ಮುರಿದು ಅವನ ಗರ್ವ ಇಳಿಯಿತು ಅಂತ ಕೆಲವರು ಹೇಳುತ್ತಾರೆ. ಸುಳ್ಳು. ಅವನದೂ ಮುರಿಯುತ್ತಿತ್ತು, ಆದರೆ ಅವನ ಹಟ್ಟಿಯಲ್ಲಿ ಇನ್ನೂ ಮೂರು ಇರುತ್ತಿದ್ದವು. ಮುರಿದದ್ದನ್ನು ಬೇಲಿಗೆ ಎಸೆದು ಇನ್ನೊಂದು ಹೂಡುತ್ತಿದ್ದ. ಅವನು ಸುಖವಾಗಿ ಬಾಳಿ ಸತ್ತ. ಎಸೆದು ಹೊಸದು ತರುವ ಶಕ್ತಿ ಇರುವವನಿಗೆ ಯಾವುದು ಮುರಿದರೇನು. ಫಕೀರವ್ವನಿಗೆ ಇದ್ದದ್ದು ಒಂದೇ ಕೂರಿಗೆ, ಒಂದೇ ಹದ.

ಮುಂದಿನ ಹಿಂಗಾರಿಗೆ ಮೌನವ್ವ ಹಳೆಯ ಗುಡ್ಡೆಯ ಒಳ್ಳೆಯ ಮರ ಆರಿಸಿ ಕೂರಿಗೆ ಮಾಡಿದಳು. ಮೊದಲನೆಯದನ್ನು ಫಕೀರವ್ವನ ಮುಂದಿಟ್ಟಳು. ಫಕೀರವ್ವ ಚಾವಡಿಯ ಕಟ್ಟೆಯ ಮೇಲೆ ಕೂತು ಬೆಣೆ ಹೊಡೆದು ಒಂದೊಂದೇ ತಾಳು ತೆಗೆದಳು, ಕೊಳವೆ ತೆಗೆದಳು, ಬಟ್ಟಲು ತೆಗೆದಳು. ಮತ್ತೆ ಕೂಡಿಸಿದಳು. ಒಂದು ತಾಳು ವಾಲಿ ಕೂತಿತು. ಬಿಚ್ಚಿ ಮತ್ತೆ ಕೂಡಿಸಿದಳು. ಆಮೇಲೆ ಹೊತ್ತುಕೊಂಡು ಹೋದಳಂತೆ. ಆ ವರ್ಷ ಹಳ್ಳದ ಆಚೆಯ ಹೊಲದಲ್ಲೂ ಜೋಳ ಎದ್ದಿತು.

ಮೌನವ್ವ ಹೋಗಿ ಯಾವ ಕಾಲವಾಯಿತೋ. ಕೂರಿಗೆಯೂ ಹೋಯಿತು, ಈಗ ಟ್ರ್ಯಾಕ್ಟರ್ ಬಿತ್ತುತ್ತದೆ. ಆದರೆ ಆ ಊರಿನಲ್ಲಿ ಹೊಸ ಸಾಮಾನು ಯಾವುದೇ ಬರಲಿ, ಹೊಸ್ತಿಲ ಹೊರಗೆ ಇಟ್ಟು ಒಮ್ಮೆ ಬಿಚ್ಚಿ, ಮತ್ತೆ ಕೂಡಿಸಿದ ಮೇಲೆಯೇ ಒಳಗೆ ಒಯ್ಯುತ್ತಾರೆ. ಮಿಕ್ಸರ್ ಆಗಲಿ, ಔಷಧ ಹೊಡೆಯುವ ಪಂಪು ಆಗಲಿ, ಮಕ್ಕಳ ಸೈಕಲ್ ಆಗಲಿ. ಅದಕ್ಕೆ ಮೌನವ್ವನ ಬೆಣೆ ತೆಗೆಯುವುದು ಅನ್ನುತ್ತಾರೆ. ಮದುವೆಯಲ್ಲಿ ಕೊಟ್ಟ ಸಾಮಾನಿಗೂ ಅದೇ ಶಾಸ್ತ್ರ, ಬೀಗರು ನಕ್ಕರೂ ಬಿಡುವುದಿಲ್ಲ.

ಮೊನ್ನೆ ಒಬ್ಬ ಹುಡುಗ ಚಾರ್ಜ್ ಮಾಡುವ ದೀಪ ಮಾರಲು ಬಂದಿದ್ದ. ಹೊಳೆಯುವ ಬಿಳಿ ದೀಪ, ಎಲ್ಲೂ ಒಂದು ಸ್ಕ್ರೂ ಇಲ್ಲ. ಒಬ್ಬ ಮುದುಕಿ ಬಿಚ್ಚಿ ತೋರಿಸು ಅಂದಳು.

“ಬಿಚ್ಚಿದ್ರ ಕೆಡತೈತಿ ಅಜ್ಜಿ. ಕೆಟ್ರ ಒಗದು ಹೊಸಾದ್ ತಗೋಬೇಕು, ಕಂಪನೀದs ಹಂಗೈತಿ.”

“ಹಂಗಾರ ಕಂಪನೀಗೇ ಒಯ್ದು ಕೊಡಪಾ,” ಅಂದಳು ಮುದುಕಿ. “ಬಿಸಲಾಗ ಬಂದಿ, ಮಜ್ಜಿಗಿ ಕುಡದು ಹೋಗು.”

ಅವನು ಮಜ್ಜಿಗೆ ಕುಡಿದು ದೀಪಗಳ ಪೆಟ್ಟಿಗೆ ಹೊತ್ತುಕೊಂಡು ಮುಂದಿನ ಊರಿಗೆ ಹೋದ. ಅಲ್ಲಿ ಸಂಜೆಯೊಳಗೆ ಎಲ್ಲವೂ ಖರ್ಚಾದವಂತೆ.