ಭಜನೆಗೆ ಬಂದವರಿಗೆ ಕೆಂಡ

ಹೊಳೆದಂಡೆಯ ಆ ಆಶ್ರಮದ ಒಲೆ ಆರಿದ್ದನ್ನು ಕಂಡವರೇ ಇಲ್ಲ. ಕೆಳಗಿನ ಅಂಬಿಗರ ಕೇರಿಯವರು ಬೆಳಗಾದರೆ ಒಡೆದ ಮಡಕೆಯ ಚೂರು ಹಿಡಿದು ಬಂದು ಕೆಂಡ ಒಯ್ಯುತ್ತಿದ್ದರು. ರಾತ್ರಿ ಕೆಂಡ ಉಳಿಸಿಕೊಳ್ಳುವ ಅಭ್ಯಾಸ ಕೇರಿಗೆ ಎಂದೋ ತಪ್ಪಿಹೋಗಿತ್ತು. ಹೇಗೂ ಆಶ್ರಮ ಇದೆಯಲ್ಲ!

ಒಲೆ ನೋಡಿಕೊಳ್ಳುವ ಕೆಲಸ ಶಿಷ್ಯ ಚೆನ್ನವೀರನದು. ಕೆಟ್ಟವನೇನಲ್ಲ ಪಾಪ. ಆದರೆ ದಿನಾ ತನ್ನ ಮುಂದೆ ಚಾಚುವ ಕೈಗಳನ್ನು ನೋಡಿ ನೋಡಿ ತಲೆ ಸ್ವಲ್ಪ ತಿರುಗಿತು.

ಮಳೆಗಾಲ ಹಿಡಿದಾಗ ಅವನೊಂದು ಕಟ್ಟಳೆ ಮಾಡಿದ.

"ಸಂಜೆ ಭಜನೆಗೆ ಬಂದವರಿಗೆ ಮಾತ್ರ ಬೆಳಿಗ್ಗೆ ಕೆಂಡ. ಒಯ್ದವರು ಬೇರೆಯವರಿಗೆ ಕೊಟ್ಟರೆ, ಕೊಟ್ಟವರಿಗೂ ಇಲ್ಲ."

ಭಜನೆಗೆ ಜನ ಕಿಕ್ಕಿರಿದರು. ಕೆಮ್ಮುವವರೂ ಬಂದರು, ತೂಕಡಿಸುವವರೂ ಬಂದರು.

"ನೋಡಿ ಬುದ್ಧಿ, ಕೇರಿಗೆ ಎಂಥ ಭಕ್ತಿ ಬಂತು!" ಎಂದು ಚೆನ್ನವೀರ ಹಿಗ್ಗಿದ.

ಕಟ್ಟಳೆಯ ಸುದ್ದಿಯೇ ಗೊತ್ತಿಲ್ಲದ ಗುರುಗಳು ಹೇಳಿದರು, "ಬಂತೇನೋ ನಿಜ. ಆದರೆ ಯಾರ ಮುಖದಲ್ಲೂ ಕಾಣುತ್ತಿಲ್ಲವಲ್ಲೋ."

ಕೇರಿಯ ದುರುಗವ್ವ ಮಾತ್ರ ಭಜನೆಗೆ ಬರಲಿಲ್ಲ. ಮಗಳು ಹಸಿ ಬಾಣಂತಿ, ಬಿಟ್ಟು ಬರುವಂತಿರಲಿಲ್ಲ. ಆಶ್ರಮದ ಕೆಂಡ ಸಿಗದೆಂದು ಹಗಲೂ ರಾತ್ರಿ ತನ್ನ ಒಲೆಯ ಬೆಂಕಿ ಆರದಂತೆ ಕಾಯುತ್ತಿದ್ದಳು. ಒಂದು ಬೆಳಿಗ್ಗೆ ಮಾಡು ಸೋರಿ ಅವಳ ಒಲೆಯೂ ಆರಿತು. ಮಡಕೆಯ ಚೂರು ಹಿಡಿದು ಓಡಿ ಬಂದಳು.

"ಒಂದೇ ಒಂದು ಕೆಂಡ ಕೊಡಪ್ಪ. ಕೂಸಿಗೆ ನೀರು ಕಾಯಿಸಬೇಕು."

"ಭಜನೆಗೆ ಬಾರವ್ವ. ನಿನಗೊಂದು ನ್ಯಾಯ, ಉಳಿದವರಿಗೊಂದು ನ್ಯಾಯ ಮಾಡೋಕಾಗುತ್ತಾ?"

ಅವಳು ಖಾಲಿ ಚೂರು ಹಿಡಿದು ಹೊರಟುಹೋದಳು.

ಗುರುಗಳ ಕಿವಿಗೆ ಇದು ಬಿದ್ದದ್ದು ರಾತ್ರಿ ಊಟದ ಹೊತ್ತಿಗೆ. ಅವರು ಎಲೆಯ ಮುಂದಿನಿಂದ ಎದ್ದುಬಿಟ್ಟರು.

ಮಾರನೆಯ ಬೆಳಿಗ್ಗೆ ಜನ ಬರುವ ಮೊದಲೇ ಒಂದು ಕೊಡ ನೀರು ತಂದು ಒಲೆಗೆ ಸುರಿದರು.

"ಅಯ್ಯಯ್ಯೋ! ಏನು ಮಾಡಿಬಿಟ್ಟಿರಿ ಬುದ್ಧಿ? ಕೇರಿಯವರು ಏನು ಉಣ್ಣಬೇಕು?"

"ಹೌದಲ್ಲ, ಅವರು ಉಣ್ಣಬೇಕು. ಹೋಗು, ಕೆಂಡ ತಾ" ಎಂದು ಒಂದು ಮಡಕೆಯ ಚೂರನ್ನು ಅವನ ಕೈಗಿಟ್ಟರು.

ಸುರಿಯುವ ಮಳೆಯಲ್ಲಿ ಚೆನ್ನವೀರ ಮನೆಮನೆ ತಿರುಗಿದ. ಎಲ್ಲರ ಒಲೆಯೂ ತಣ್ಣಗೆ.

"ನಿಮ್ಮಲ್ಲಿಗೇ ಹೊರಟಿದ್ದೆವಲ್ಲ ಸ್ವಾಮಿ" ಎಂದರು.

ಕೊನೆಯ ಒಂದು ಮನೆಯ ಮಾಡಿನಿಂದ ಮಾತ್ರ ಹೊಗೆ ಏಳುತ್ತಿತ್ತು. ಅದು ದುರುಗವ್ವನ ಮನೆ. ಅವನು ಬಾಗಿಲ ಹೊರಗೇ ನಿಂತ.

"ಒಳಗೆ ಬಾರಪ್ಪ, ನೆನೀತಿದ್ದೀಯ."

"ಕೆಂಡ..." ಎಂದು ಚೂರು ಚಾಚಿದ.

ಅವಳು ಒಲೆಯ ಬೂದಿ ಸರಿಸಿ ಕೆಂಡ ತೆಗೆದು ಚೂರಿಗೆ ಹಾಕಿದಳು. ಆಗ ಅವಳ ಅಂಗೈ ಕಂಡಿತು. ತುಂಬ ಬೊಬ್ಬೆ. ಹಿಂದಿನ ದಿನವೆಲ್ಲ ಚಕಮಕಿ ಕಲ್ಲು ಕುಟ್ಟಿ ಕುಟ್ಟಿ ಆ ಬೆಂಕಿ ಹೊತ್ತಿಸಿದ್ದಳು.

"ಇನ್ನೆರಡು ಒಯ್ಯಿ, ಮಳೆಗೆ ಆರೀತು" ಎಂದು ಮೇಲೆ ಇನ್ನೊಂದು ಚೂರು ಮುಚ್ಚಿ ಕೊಟ್ಟಳು.

ನೆಲ ಬಾಯಿಬಿಡಬಾರದೇ ಅನ್ನಿಸಿತು ಚೆನ್ನವೀರನಿಗೆ.

ಆಶ್ರಮದ ಒಲೆ ಮತ್ತೆ ಹೊತ್ತಿತು. ಕಾದು ನಿಂತವರೆಲ್ಲ ಕೆಂಡ ಒಯ್ದರು. ಹಿಂದಿನ ಸಂಜೆ ಯಾರು ಬಂದಿದ್ದರು, ಯಾರು ಇಲ್ಲ ಎಂದು ಚೆನ್ನವೀರ ಕೇಳಲಿಲ್ಲ.

ಎಲ್ಲರೂ ಹೋದ ಮೇಲೆ ಗುರುಗಳು ಕೇಳಿದರು, "ಕೆಂಡ ಕೊಡುವಾಗ ದುರುಗವ್ವ ನಿನ್ನನ್ನು ಏನು ಕೇಳಿದಳು?"

"ಏನೂ ಕೇಳಲಿಲ್ಲ ಬುದ್ಧಿ."

"ಹಾಗಾದರೆ ಇವತ್ತಿನಿಂದ ಭಜನೆ ಅವಳ ಬಾಗಿಲಲ್ಲಿ. ತಾಳ ಬೇಡ, ಮೆಲ್ಲಗೆ ಹಾಡು. ಕೂಸು ಮಲಗಿರುತ್ತೆ."