ತೂತಿಗೆ ತೂಕ ಉಂಟಾ?

ಮಂಗಳೂರಿನ ದೂಮಪ್ಪ ಶೆಟ್ರು ಕಡಲ ಮೀನು ಸಾಕಲು ಗಾಜಿನ ತೊಟ್ಟಿ ತಂದರು. ಎಂಥ ತೊಟ್ಟಿ ಅಂತೀರಿ! ಎಮ್ಮೆ ಇಳಿದರೆ ಆಚೆ ದಡ ಮುಟ್ಟುವಷ್ಟರಲ್ಲಿ ಕರು ಹಾಕಬೇಕು!

ದಿನಾ ನೀರುದೋಸೆಯ ತೂತು ಎಣಿಸಿ, ಜಾಸ್ತಿಯಾಯಿತೆಂದು ಅಡುಗೆಯ ಕೊಗ್ಗನನ್ನು ಬೈಯುವುದು ಶೆಟ್ರ ಅಭ್ಯಾಸ. ಅವತ್ತು ಇನ್ನೊಂದು ಗರ್ಜನೆ. "ಕೊಗ್ಗಾ, ತೊಟ್ಟಿಗೆ ಹಾಕುವ ಒಣಗಿದ ಹವಳದ ಕಲ್ಲು ತಾ. ಅದಕ್ಕೆ ಚಿನ್ನದ ಬೆಲೆ. ಹತ್ತೇ ಕಿಲೋ ತರಬೇಕು, ಅರ್ಧ ತೊಟ್ಟಿ ತುಂಬಬೇಕು. ಇಲ್ಲವಾದರೆ ನಾಳೆಯಿಂದ ಸೌಟು ಮುಟ್ಟಬೇಡ!"

ಕೊಗ್ಗ ಅಂಗಡಿಗೆ ಹೋದ. ಅಂಗಡಿಯವನು ಎರಡು ಗಟ್ಟಿ ಕಲ್ಲು ತಕ್ಕಡಿಗೆ ಹಾಕಿದ. "ಇಗೋ, ಹತ್ತು ಕಿಲೋ!"

ಕೊಗ್ಗ ಎರಡನ್ನೂ ಕೆಳಗಿಳಿಸಿದ. ಒಂದೊಂದೇ ಕಲ್ಲನ್ನು ಎತ್ತಿ, ಬೆಳಕಿಗೆ ಹಿಡಿದು, ನೀರುದೋಸೆಯ ಹಾಗೆ ತೂತು ತೂತಾಗಿದ್ದ ಹಗುರ ಕಲ್ಲನ್ನೇ ಆರಿಸಿದ. ಆರಿಸಿದ, ಆರಿಸಿದ, ರಾಶಿ ಅಂಗಡಿಯ ಹೆಂಚಿನ ಮಾಡಿಗೆ ತಾಗಿತು! ತೂಗಿದರೆ ಹತ್ತೇ ಕಿಲೋ.

"ಅಯ್ಯೋ ಮಾರಾಯ, ಅಂಗಡಿಯನ್ನೇ ಖಾಲಿ ಮಾಡಿದೆಯಲ್ಲ!"

"ನೀವು ತೂಕಕ್ಕೆ ಮಾರುವವರು. ತೂತಿಗೆ ತೂಕ ಉಂಟಾ?"

ತೊಟ್ಟಿ ಅರ್ಧ ಏನು, ಮುಕ್ಕಾಲು ತುಂಬಿತು. ಶೆಟ್ರು ಮಾತ್ರ ಕಲ್ಲು ನೋಡಿ ಸಿಟ್ಟಿನಲ್ಲಿ ಕುಣಿದಾಡಿದರು. "ಪೆದ್ದಾ! ಬರೀ ತೂತು ಕೊಟ್ಟು ಅಂಗಡಿಯವನು ನಿನಗೆ ಟೊಪ್ಪಿ ಹಾಕಿದ್ದಾನೆ!"

"ಗಟ್ಟಿ ಕಲ್ಲಾದರೆ ಮೀನು ಎಲ್ಲಿ ಅಡಗುವುದು ಧಣಿ? ಆದರೂ ಬೇಡ ಅಂದರೆ ತೂತನ್ನೆಲ್ಲ ವಾಪಸ್ ಕೊಟ್ಟು ಬರುತ್ತೇನೆ. ಕಲ್ಲು ನೀವೇ ಇಟ್ಟುಕೊಳ್ಳಿ."

ಶೆಟ್ರು ತೊಟ್ಟಿ ನೋಡಿದರು, ಕೊಗ್ಗನನ್ನು ನೋಡಿದರು.

"ಹೋಗು, ದೋಸೆ ಹೊಯ್ಯಿ," ಎಂದರು ಮೆಲ್ಲಗೆ. "ಇವತ್ತು ತೂತು ಎಣಿಸುವುದಿಲ್ಲ."